ಬಾಣಂತಿ ಬೆಕ್ಕಿಗೆ ಅರ್ಧ ಮಾತ್ರೆ

ನಮ್ಮ ಭಾವ ಸೂರ್ಯನನ್ನೂ ನಂಬುವುದಿಲ್ಲ ಎಂದರೆ ನೀವು ನನ್ನನ್ನು ನಂಬಲಿಕ್ಕಿಲ್ಲ. ಬೇಡ ಬಿಡಿ. ಒಂದು ದಿನ ಬೆಳಗ್ಗೆ ಹೊಳೆನರಸೀಪುರದ ಅವರ ಮನೆಗೆ ಬಂದು ನೀವೇ ನೋಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯೋದಯದ ಹೊತ್ತು ಓದಿಕೊಂಡು, ಕೈಗಡಿಯಾರ ಕಟ್ಟಿಕೊಂಡು, ತಾರಸಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತಿರುತ್ತಾರೆ. ತೆಂಗಿನ ಮರಗಳ ಹಿಂದಿನಿಂದ ಆ ದೇವರು ಕೆಂಪಗೆ ಎದ್ದು ಬಂದಾಗ ಎಲ್ಲರಂತೆ ಕೈಮುಗಿಯುವುದು ಬಿಟ್ಟು, ಗಡಿಯಾರ ನೋಡಿ, "ಆರ್ ನಿಮ್ಸ ಲೇಟು" ಎಂದು ತೀರ್ಪು ಕೊಟ್ಟು ಕೆಳಗಿಳಿಯುತ್ತಾರೆ! "ಮರ ಅಡ್ಡ ಇದ್ರೆ ಸೂರ್ಯ ಏನ್ ಮಾಡ್ತಾನೆ ಪಾಪ?" ಎಂದು ಅಕ್ಕ ಕೇಳಿದರೆ ಅವರ ಉತ್ತರ ಸಿದ್ಧ: "ಎಲ್ರೂ ಇಂಗೇ ಏನಾರ ಒಂದ್ ನೆಪ ಏಳ್ತಾರೆ ಕಣೆ."

ಈ ಗುಣ ಹುಟ್ಟಿನಿಂದ ಬಂದದ್ದೋ, ಕೆಲಸದಿಂದ ಬಂದದ್ದೋ ನಮಗೆ ಇವತ್ತಿಗೂ ಬಗೆಹರಿದಿಲ್ಲ. ಭಾವ, ಅಂದರೆ ನನ್ನ ಅಕ್ಕನ ಗಂಡ, ನಿವೃತ್ತಿಯಾಗುವವರೆಗೂ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಹಾಸನದಿಂದ ಅರಕಲಗೂಡು, ಅಲ್ಲಿಂದ ರಾಮನಾಥಪುರ, ಇತ್ತ ಹೊಳೆನರಸೀಪುರ, ಅತ್ತ ಚನ್ನರಾಯಪಟ್ಟಣ. ಈ ರಸ್ತೆಗಳಲ್ಲಿ ಅವರು ಕೈ ಅಡ್ಡ ಹಾಕಿ ನಿಲ್ಲಿಸದ ಬಸ್ಸಿಲ್ಲ, ಅನುಮಾನಿಸದ ಮುಖವಿಲ್ಲ. ನಿದ್ದೆ ಮಾಡುವವರನ್ನು ಕಂಡರೆ "ನಾಟಕ", ಎಚ್ಚರ ಇರುವವರನ್ನು ಕಂಡರೆ "ಯಾಕಿಂಗೆ ಪಿಳಿಪಿಳಿ ನೋಡ್ತಾವ್ನೆ?" ಅಂದಮೇಲೆ ಪ್ರಯಾಣಿಕ ಎಂಬ ಪ್ರಾಣಿ ಕಣ್ಣನ್ನು ಏನು ಮಾಡಿಕೊಳ್ಳಬೇಕು ಹೇಳಿ!

ಅಕ್ಕನ ಮದುವೆಯಾದ ಹೊಸದರಲ್ಲಿ ನಮ್ಮಮ್ಮ ಮಗಳನ್ನು ನೋಡಲು ಹೊರಟರು. ದಾರಿಯಲ್ಲಿ ಮೊಸಳೆ ಹೊಸಹಳ್ಳಿಯಲ್ಲಿ ಇಳಿದು ತಮ್ಮ ಓರಗಿತ್ತಿಯನ್ನು ಮಾತಾಡಿಸಿಕೊಂಡು ಹೋಗುವ ಯೋಚನೆಯಿಂದ ಅಲ್ಲಿಯವರೆಗೆ ಮಾತ್ರ ಟಿಕೆಟ್ ತೆಗೆದುಕೊಂಡಿದ್ದರು. ಕಿಟಕಿಯ ಗಾಳಿಗೆ ಕಣ್ಣು ಹತ್ತಿತು. ಹೊಸಹಳ್ಳಿ ಹಿಂದೆ ಹೋಯಿತು. ಭುಜ ತಟ್ಟಿ ಎಬ್ಬಿಸಿದವರು ಯಾರು? ಹೊಸ ಅಳಿಯಂದಿರು! "ಅತ್ತೆ, ಚೆನ್ನಾಗಿದ್ದೀರಾ?" ಎಂದರು. "ಚೆನ್ನಾಗಿದ್ದೀನಿ ಕಣಪ್ಪ" ಎಂದು ಅಮ್ಮ ಸೆರಗು ಸರಿಮಾಡಿಕೊಂಡರು. "ಟಿಕೆಟ್ಟು?" ಎಂದರು. ಮುಂದಿನದು ನಿಮಗೇ ಗೊತ್ತಾಗಿರಬೇಕು. ದಂಡದ ರಸೀದಿ ಹರಿದು ಅತ್ತೆಯ ಕೈಗಿಟ್ಟು, ಅದೇ ಬಸ್ಸಿನಿಂದ ಅವರ ಬ್ಯಾಗು ತಾವೇ ಇಳಿಸಿ, ಮನೆಗೆ ಕರೆದೊಯ್ದು ಬಿಸಿ ನೀರು ಕಾಯಿಸಿಕೊಟ್ಟರಂತೆ. ಅಮ್ಮ ಮಾತ್ರ ಸಾಯುವವರೆಗೂ ಅವರನ್ನು ಅಳಿಯ ಎನ್ನಲಿಲ್ಲ. "ಚೆಕಿಂಗ್‌ನೋರು ಊಟ ಮಾಡಿದ್ರಾ?" ಎಂದೇ ಕೇಳುತ್ತಿದ್ದರು.

ಇಂಥವರು ಔಷಧಿಯನ್ನು ನಂಬಿಯಾರೇ? ಬಿ.ಪಿ. ಮಾತ್ರೆ ತರಲು ಹೋಗುವಾಗ ಹೋದ ತಿಂಗಳಿನ ಮಾತ್ರೆಯೊಂದನ್ನು ಸಾಕ್ಷಿಗೆಂದು ಉಳಿಸಿಕೊಂಡು ಹೋಗುತ್ತಾರೆ. ಹಳೆಯದನ್ನು ಹೊಸದರ ಪಕ್ಕದಲ್ಲಿಟ್ಟು ಬಣ್ಣ, ದಪ್ಪ, ನಡುವಿನ ಗೀಟು ಎಲ್ಲವನ್ನೂ ಭೂತಗನ್ನಡಿಯಲ್ಲಿ ತಾಳೆ ನೋಡುತ್ತಾರೆ. ಆಮೇಲೆ ಡಬ್ಬಿಯೊಳಗಿನ ಚೀಟಿ ಬಿಡಿಸುತ್ತಾರೆ. ಆ ಚೀಟಿಯೋ, ಬಿಡಿಸುತ್ತ ಹೋದರೆ ಮಂಚಕ್ಕೆ ಹಾಸಬಹುದು! ಮೆಡಿಕಲ್ ಶಾಪಿನವನಿಗೂ ಒಂದು ದಿನ ತಡೆಯದಾಯಿತು. "ಸಾ, ಎಣ್ ನೋಡಕ್ ಬಂದಂಗ್ ನೋಡ್ತೀರಲ್ಲ, ಮಾತ್ರೆ ಸಾ ಅದು!" ಎಂದ. ಭಾವ ಕನ್ನಡಿ ಇಳಿಸದೆ ಹೇಳಿದರು: "ಎಣ್ ನೋಡಕ್ ಓದಾಗ ಸರ್ಯಾಗಿ ನೋಡ್ನಿಲ್ಲ ಕಣಪ್ಪ. ಅದುಕ್ಕೇ ಈಗ ಉಷಾರಾಗಿವ್ನಿ." ಹಿಂದೆಯೇ ನಿಂತಿದ್ದ ಅಕ್ಕ ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ. ಅದು ಕೋಪವೋ ನಾಟಕವೋ ಎಂದು ಭಾವನಿಗೆ ಅನುಮಾನ.

ನಾನು ಇದಕ್ಕೆ ನೇರ ಉಲ್ಟಾ. ಹಾಸನದಲ್ಲಿ ಹೈಸ್ಕೂಲು ಟೀಚರು. ಸ್ಟಾಫ್‌ರೂಮಿನಲ್ಲಿ ಯಾರು ಸೀನಿದರೂ ನನ್ನ ಬ್ಯಾಗಿನ ಜಿಪ್ಪು ತಾನಾಗಿ ತೆರೆದುಕೊಳ್ಳುತ್ತದೆ. ತಲೆನೋವಿಗೆ ಬಿಳಿಯದು, ಹೊಟ್ಟೆಗೆ ಗುಲಾಬಿ, ಮೈಕೈ ನೋವಿಗೆ ಹಳದಿ. ನನ್ನ ಸಹೋದ್ಯೋಗಿಗಳು ನನ್ನನ್ನು "ಅರ್ಧ ಡಾಕ್ಟ್ರು" ಎನ್ನುತ್ತಿದ್ದರು. ನಾನು ಆ "ಅರ್ಧ"ವನ್ನು ವಿನಯಕ್ಕೆ ಹೇಳಿದ್ದು ಎಂದುಕೊಂಡಿದ್ದೆ.

ದಸರಾ ರಜೆ ಶುರುವಾಗುವ ಹೊತ್ತಿಗೆ ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಅಡುಗೆಗೆ, ಆರೈಕೆಗೆ ಎಂದು ನಾನು ಹೊಳೆನರಸೀಪುರಕ್ಕೆ ಹೋದೆ. ಬಾಗಿಲಲ್ಲಿ ಭಾವನ ಸ್ವಾಗತ: "ಎಲ್ಲಿ ಟಿಕೆಟ್ಟು?"

"ಭಾವ, ಈಗ ಹೆಂಗಸರಿಗೆ ಬಸ್ಸು ಫ್ರೀ!"

"ಫ್ರೀಗೂ ಒಂದು ಸೊನ್ನೆ ಟಿಕೆಟ್ ಕೊಡ್ತಾರೆ ಕಣಮ್ಮಿ. ಅದೆಲ್ಲಿ?"

ತೋರಿಸಿದ ಮೇಲೆಯೇ ಒಳಗೆ ಬಿಟ್ಟರು.

ಒಳಗೆ ಇನ್ನೊಬ್ಬ ಅತಿಥಿ ಇದ್ದಳು. ಬೂದು ಮೈಮೇಲೆ ಕಪ್ಪು ಪಟ್ಟೆಯ ಒಂದು ಬೆಕ್ಕು. ಎಲ್ಲಿಂದಲೋ ಬಂದು ಅಕ್ಕನ ಗುಟ್ಟಿನ ಕೃಪೆಯಿಂದ ತಿಂಗಳುಗಟ್ಟಲೆ ಹಾಲನ್ನ ಉಂಡು, ನಾನು ಹೋಗುವ ಒಂಬತ್ತು ದಿನ ಮುಂಚೆ ಬೀರುವಿನ ಕೆಳಗಿನ ಖಾನೆಯಲ್ಲಿ, ಅಕ್ಕನ ಹಳೆಯ ಸೀರೆಗಳ ಮೇಲೆ ಮರಿ ಹಾಕಿತ್ತು. ಭಾವ ದಿನಕ್ಕೆ ಎರಡು ಸಲ ಬಗ್ಗಿ ಮರಿಗಳನ್ನು ಎಣಿಸುತ್ತಿದ್ದರು. ಮೊದಲ ದಿನ ಬೆಳಗ್ಗೆ ಮೂರು, ಸಂಜೆ ನಾಲ್ಕು. ಒಂದು ಮರಿ ಇನ್ನೊಂದರ ಕೆಳಗೆ ಹುದುಗಿಕೊಂಡಿತ್ತು, ಅಷ್ಟೆ. ಅಕ್ಕನನ್ನು ಕೂಗಿ, "ಲೇ, ಮಧ್ಯದಲ್ಲಿ ಯಾವ್ದೋ ಒಂದು ಅತ್ಕಂಡದೆ!" ಎಂದರಂತೆ.

ಬೆಕ್ಕಿನ ಮೇಲೂ ಪ್ರೀತಿಯೇನಲ್ಲ, ಬರೀ ಅನುಮಾನ. ಅದು ಅವರನ್ನೇ ದಿಟ್ಟಿಸುತ್ತಿತ್ತು, ಅವರು ಅದನ್ನೇ ದಿಟ್ಟಿಸುತ್ತಿದ್ದರು. ಪಕ್ಕದ ಮನೆಯವರು ತಮ್ಮ ನಾಯಿಗೆ ತಂದಿದ್ದ ಚಿಗಟದ ಔಷಧಿ ಉಳಿದಿದೆಯೆಂದು ತಂದುಕೊಟ್ಟು, "ಬೆಕ್ಕಿನ್ ಕತ್ತಿನ್ ಮ್ಯಾಕೆ ಎಲ್ಡ್ ತೊಟ್ಟು ಬುಡಿ, ಚಿಗಟ ಎಲ್ಲಾ ಓಯ್ತದೆ" ಎಂದರು. ಭಾವ ಶೀಶೆಯನ್ನು ಬೆಳಕಿಗೆ ಹಿಡಿದರು.

"ಇದ್ರ ಮ್ಯಾಲೆ ನಾಯಿ ಚಿತ್ರ ಅದೆ."

"ನಾಯಾದ್ರೇನು ಬೆಕ್ಕಾದ್ರೇನು ಬುಡಿ."

"ಎಂಗಾಯ್ತದೆ? ಇವತ್ತು ಅರಕಲಗೂಡಿನ್ ಟಿಕೆಟ್ ಇಡ್ಕಂಡು ಚನ್ರಾಯಪಟ್ನದ್ ಬಸ್ಸತ್ತಿದ್ರೆ ಬುಟ್ಬುಡ್ತೀನಾ ನಾನು?"

ಶೀಶೆ ಭಾವನ ಜೇಬು ಸೇರಿತು. ಹಿಂದಿರುಗಿಸಲೂ ಇಲ್ಲ, ಬಳಸಲೂ ಇಲ್ಲ. ನಾನು ಅಡುಗೆಮನೆಯಲ್ಲಿ ನಿಂತು ನಕ್ಕೆ.

ಮೂರನೆಯ ದಿನ ಬೆಳಗ್ಗೆ ಬೆಕ್ಕು ಹಾಲಿಗೆ ಬರಲಿಲ್ಲ. ಹೋಗಿ ನೋಡಿದರೆ ಖಾನೆಯ ಮೂಲೆಯಲ್ಲಿ ಮುದುಡಿಕೊಂಡಿತ್ತು. ಮರಿಗಳು ಹೊಟ್ಟೆಯ ಕಡೆ ತೆವಳಿ ಬಂದರೆ ಬುಸುಗುಟ್ಟಿ ಹಿಂಗಾಲಿನಿಂದ ದೂರ ತಳ್ಳುತ್ತಿತ್ತು. ನಾಲ್ಕೂ ಕೀಚ್ ಕೀಚ್ ಎಂದು ಅರಚುತ್ತಿದ್ದವು. ಮೆಲ್ಲಗೆ ಹೊರಳಿಸಿ ನೋಡಿದೆ. ಒಂದು ಮೊಲೆ ಕೆಂಪಗೆ ಊದಿತ್ತು, ಕಲ್ಲಿನ ಹಾಗೆ ಗಟ್ಟಿ. ಕಿವಿ ಕಾದ ಬಾಣಲಿಯಂತೆ ಸುಡುತ್ತಿತ್ತು.

"ಜ್ವರ ಬಂದಿದೆ ಅಕ್ಕ" ಎಂದೆ.

"ಅಯ್ಯೋ ಶಿವ್ನೇ, ಬಾಣಂತಿ ಕಣೆ ಅದು! ಏನಾರ ಮಾಡೆ" ಎಂದು ಅಕ್ಕ ಮಂಚದಿಂದಲೇ ಗೋಳಾಡಿದಳು.

ಏನಾದರೂ ಮಾಡು ಎಂದು ಯಾರಾದರೂ ಹೇಳಿದರೆ ಸುಮ್ಮನಿರುವ ಜನ್ಮವೇ ನನ್ನದು? ಬ್ಯಾಗು ತೆಗೆದೆ. ಜ್ವರಕ್ಕೆ, ನೋವಿಗೆ ಎರಡಕ್ಕೂ ಆಗುವ ಪ್ಯಾರಸಿಟಮಾಲ್. ಬೆಕ್ಕು ಚಿಕ್ಕದು, ಬಾಣಂತಿ ಬೇರೆ, ಪೂರ್ತಿ ಬೇಡ, ಅರ್ಧ ಸಾಕು ಎಂದು ಬಹಳ ಜಾಗರೂಕತೆಯಿಂದ ಮುರಿದೆ. ನನ್ನ ಎಚ್ಚರಿಕೆಯನ್ನು ನಾನೇ ಮೆಚ್ಚಿಕೊಂಡೆ! ಚಮಚದ ಹಿಂಬದಿಯಿಂದ ನುಣ್ಣಗೆ ಅರೆದು, ಬೆಚ್ಚಗಿನ ಹಾಲಿಗೆ ಹಾಕಿ, ಘಮ್ಮೆನ್ನಲಿ ಎಂದು ಚೂರು ತುಪ್ಪವನ್ನೂ ಬಿಟ್ಟೆ. ಕಾಲುನೋವಿನ ಮಾತ್ರೆ ನುಂಗಿದ್ದ ಅಕ್ಕನಿಗೆ ಅಷ್ಟರಲ್ಲಿ ಗಾಢ ನಿದ್ದೆ ಹತ್ತಿತ್ತು. ತಟ್ಟೆ ಹಿಡಿದು ಬೀರುವಿನ ಮುಂದೆ ಕೂತಿದ್ದೇನೆ, ತುಪ್ಪದ ವಾಸನೆಗೆ ಬೆಕ್ಕು ತಲೆ ಎತ್ತಿದೆ, ಆಗ ಹಿಂದಿನಿಂದ ದನಿ ಬಂತು.

"ಏನದು?"

"ಹಾಲು."

"ಆಲು ಕಲಸ್ತಾರಾ ಚಮಚದಲ್ಲಿ?"

"ಅರ್ಧ ಜ್ವರದ ಮಾತ್ರೆ ಭಾವ. ನೋವಿನಲ್ಲಿ ಒದ್ದಾಡ್ತಿದೆ ಪಾಪ."

"ಯಾರ್ ಏಳಿದ್ರು ಕೊಡು ಅಂತ?"

"ಯಾರು ಹೇಳಬೇಕು? ಎಳೇ ಮಕ್ಕಳಿಗೇ ಕೊಡ್ತೀವಿ!"

"ಅದು ಮಕ್ಳ ವಿಚಾರ. ಬೆಕ್ಕಿಗೆ ಅಂತ ಬರ್ದವ್ರಾ ಎಲ್ಲಾರ? ಎಲ್ಲಿ, ತೋರ್ಸು."

ನನಗೆ ರೇಗಿತು. "ಎಲ್ಲದಕ್ಕೂ ಅನುಮಾನ ನಿಮ್ಮದು! ಬೆಕ್ಕು ಸತ್ತರೆ ಆ ಪಾಪ ನಿಮ್ಮ ತಲೆ ಮೇಲೆ" ಎಂದುಬಿಟ್ಟೆ. ಬೆಕ್ಕು ನಾಲಗೆ ಚಾಚುವಷ್ಟರಲ್ಲಿ ಭಾವ ನನ್ನ ಕೈಯಿಂದ ತಟ್ಟೆ ಎತ್ತಿಕೊಂಡರು. ಹಾಲನ್ನು ಚೆಲ್ಲಿದರೇ? ಇಲ್ಲ! ಒಂದು ಸ್ಟೀಲಿನ ಡಬ್ಬಿಗೆ ಸುರಿದು, ಮುಚ್ಚಳ ಬಿಗಿದು, ಉಳಿದ ಮಾತ್ರೆಯ ಪಟ್ಟಿಯನ್ನೂ ನನ್ನಿಂದ ಈಸಿಕೊಂಡು, "ನಡಿ, ದನಿನ್ ಆಸ್ಪತ್ರೆಗೆ" ಎಂದರು.

ಬೆಕ್ಕು ಒಂದು ಬುಟ್ಟಿಯಲ್ಲಿ, ಮರಿಗಳು ಇನ್ನೊಂದರಲ್ಲಿ. "ಮರಿ ಯಾಕೆ ಭಾವ? ಅವಕ್ಕೇನೂ ಆಗಿಲ್ಲವಲ್ಲ" ಎಂದೆ. "ತಾಯಿಗ್ ಕೊಟ್ಟಿದ್ದು ಆಲಲ್ಲಿ ಇವಕ್ಕೆ ಬರಾಕಿಲ್ಲ ಅಂತ ಏನ್ ಗ್ಯಾರಂಟಿ? ನಾಕೂ ಬರ್ಲಿ" ಎಂದರು. ದಾರಿಯಲ್ಲಿ ಆಟೋ ನಿಲ್ಲಿಸಿ ಅಂಗಡಿಯಿಂದ ಒಂದು ಕಿಲೋ ಸಕ್ಕರೆ ಪೊಟ್ಟಣ ತಂದರು. ಡಾಕ್ಟರಿಗೆ ಕಾಣಿಕೆಯೋ ಏನೋ ಎಂದುಕೊಂಡೆ.

ಪಶು ಆಸ್ಪತ್ರೆಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು. ಬೆಕ್ಕನ್ನು ತೂಕಕ್ಕಿಡಿ ಎಂದರು. ಭಾವ ಬೆಕ್ಕಿಡಲಿಲ್ಲ, ಸಕ್ಕರೆಯಿಟ್ಟರು!

"ಇದೇನು ಸರ್?"

"ನಿಮ್ ತಕ್ಕಡಿ ಸರ್ಯಾಗದಾ ಅಂತ ನೋಡ್ದೆ ಕಣವ್ವ. ತೂಕ ನೋಡ್ಕಂಡ್ ತಾನೆ ಔಸ್ದಿ ಕೊಡಾದು? ತಪ್ಪಾದ್ರೆ?"

ನಾನು ನೆಲ ಬಿರಿಯಲಿ ಎಂದು ಕಾಯುತ್ತ ನಿಂತೆ. ಡಾಕ್ಟರಿಗೆ ಮಾತ್ರ ಸಿಟ್ಟು ಬರಲಿಲ್ಲ. ನಕ್ಕು, "ಸರಿ ಇದೆಯಾ?" ಎಂದರು. "ಅದೆ" ಎಂದರು ಭಾವ, ಸ್ವಲ್ಪ ನಿರಾಸೆಯಿಂದ. ಬೆಕ್ಕು ಮೂರು ಕಿಲೋಗೆ ಚೂರು ಕಡಿಮೆ ತೂಗಿತು. ಡಾಕ್ಟರು ಮೊಲೆ ಮುಟ್ಟಿ ನೋಡಿದರು, ಜ್ವರ ನೋಡಿದರು, ಮರಿಗಳು ಹುಟ್ಟಿ ಎಷ್ಟು ದಿನವಾಯಿತೆಂದು ಕೇಳಿದರು. ಭಾವ ದಿನದ ಜೊತೆಗೆ ಗಂಟೆಯನ್ನೂ ಹೇಳಿದರು.

"ಮನೇಲಿ ಏನಾದರೂ ಔಷಧಿ ಕೊಟ್ಟಿದ್ದೀರಾ?"

"ಏನೂ ಇಲ್ಲ" ಎಂದೆ ನಾನು, ಬೇಗ.

ಭಾವ ಸದ್ದಿಲ್ಲದೆ ಸ್ಟೀಲಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಮಾತ್ರೆಯ ಪಟ್ಟಿ. ಅದರ ಪಕ್ಕದಲ್ಲಿ ಜೇಬಿನಿಂದ ತೆಗೆದ ನಾಯಿ ಚಿತ್ರದ ಶೀಶೆ. ವಶಪಡಿಸಿಕೊಂಡ ಮಾಲನ್ನು ಸಾಲಾಗಿ ಜೋಡಿಸಿದ ಹಾಗಿತ್ತು. "ಇದು ಕೊಡನ ಅಂತ ಕಲಸಿದ್ದು. ಕೊಟ್ಟಿಲ್ಲ. ಇದು ಪಕ್ಕದ್ಮನೆಯವ್ರು ಕೊಟ್ಟಿದ್ದು. ಆಕಿಲ್ಲ. ಕೊಡ್ಬೋದಾ ಏಳಿ" ಎಂದರು.

ಡಾಕ್ಟರು ಪಟ್ಟಿಯ ಹೆಸರು ಓದಿದರು. ಮುಖದ ನಗು ಹೋಯಿತು. "ಒಂದು ತೊಟ್ಟಾದರೂ ಕುಡಿದಿದೆಯಾ? ಸರಿಯಾಗಿ ಹೇಳಿ."

"ನಾಲ್ಗೆ ಮುಟ್ಸಿಲ್ಲ" ಎಂದರು ಭಾವ.

"ಅಬ್ಬ!" ಎಂದು ಡಾಕ್ಟರು ಕುರ್ಚಿಗೆ ಒರಗಿದರು. "ಇದು ಬೆಕ್ಕಿಗೆ ವಿಷ. ನಮ್ಮ ಮೈ ಇದನ್ನು ಅರಗಿಸಿಕೊಳ್ಳುತ್ತೆ, ಬೆಕ್ಕಿನ ಮೈಗೆ ಆ ಶಕ್ತಿ ಇಲ್ಲ. ರಕ್ತ ಕೆಡುತ್ತೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತೆ, ಮುಖ ಊದುತ್ತೆ, ಉಸಿರಾಡೋಕಾಗಲ್ಲ. ಈ ತೂಕದ ಬೆಕ್ಕಿಗೆ ಅರ್ಧ ಮಾತ್ರೆ ಸಾಕು, ಜೀವ ಹೋಗೋದಕ್ಕೆ. ತಾಯಿ ಹೋದಮೇಲೆ ಈ ನಾಲ್ಕೂ ಏನಾಗ್ತಿದ್ವು ನೀವೇ ಯೋಚನೆ ಮಾಡಿ. ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ." ಆಮೇಲೆ ಶೀಶೆ ಎತ್ತಿ ನೋಡಿ, "ಇದಂತೂ ನಾಯಿಗೆ ಮಾತ್ರ. ಬೆಕ್ಕಿಗೆ ಹಚ್ಚಿದರೆ ನಡುಕ, ಫಿಟ್ಸು. ತಾಯಿ ಮೈಗೆ ಹಚ್ಚಿದ್ದು ಮರಿಗಳಿಗೂ ತಗಲುತ್ತೆ" ಎಂದರು.

ಬುಟ್ಟಿಯೊಳಗೆ ಒಂದು ಮರಿ ಇನ್ನೊಂದರ ಕಿವಿಯನ್ನೇ ಮೊಲೆಯೆಂದುಕೊಂಡು ಚೀಪುತ್ತಿತ್ತು. ಅದನ್ನು ನೋಡಲಾಗದೆ ಗೋಡೆಯ ಮೇಲಿನ ಹಸುವಿನ ಚಿತ್ರ ನೋಡುತ್ತ ನಿಂತೆ. ಡಾಕ್ಟರು ಇನ್ನೇನೇನೋ ಹೇಳುತ್ತಿದ್ದರು. ಕೆಲವು ಔಷಧಿ ತಾಯಿಗೆ ಸರಿಹೋದರೂ ಹಾಲಿನಲ್ಲಿ ಇಳಿದು ಬೆಳೆಯುವ ಮರಿಗಳ ಹಲ್ಲಿಗೆ, ಮೂಳೆಗೆ ತೊಂದರೆ ಮಾಡುತ್ತವಂತೆ. ಹಾಗಾಗಿ ಮರಿಗಳು ಕುಡಿಯುತ್ತಿವೆ ಎಂದು ಮೊದಲೇ ತಿಳಿಸಲೇಬೇಕಂತೆ. ಈಗ ಕೊಡುವುದೂ ಸ್ವಲ್ಪ ಹಾಲಿಗೆ ಇಳಿಯುತ್ತದೆ, ಮರಿಗಳಿಗೆ ಭೇದಿ ಆಗುತ್ತದೆಯೇ, ತೂಕ ಏರುತ್ತಿದೆಯೇ ನೋಡುತ್ತಿರಿ, ಊದಿದ ಮೊಲೆಗೆ ಬೆಚ್ಚಗಿನ ಬಟ್ಟೆ ಒತ್ತಿ, ಕೀವು ಕಂಡರೆ ತಕ್ಷಣ ಕರೆತನ್ನಿ, ಬೆಕ್ಕು ಹುಷಾರಾದಂತೆ ಕಂಡರೂ ಏಳು ದಿನ ಪೂರ್ತಿ ಔಷಧಿ ಕೊಡಿ ಎಂದರು. ಭಾವ ಪ್ರತಿಯೊಂದನ್ನೂ ಎರಡೆರಡು ಸಲ ಕೇಳಿ ಬರೆದುಕೊಂಡರು. ಕೊನೆಗೆ ಡಾಕ್ಟರು, "ನಿಮ್ಮಷ್ಟು ಪ್ರಶ್ನೆ ಕೇಳೋರು ಯಾರೂ ಬರಲ್ಲ ಸರ್" ಎಂದರು. ಹೊರಗೆ ಬಂದಮೇಲೆ ಭಾವ ನನ್ನನ್ನು ಕೇಳಿದರು: "ಒಗಳಿದ್ಲಾ, ಬೈದ್ಲಾ?"

ಮನೆ ಹತ್ತಿರವಾದಂತೆ ನನಗೆ ಒಂದೇ ಯೋಚನೆ. ಅಕ್ಕನಿಗೆ ಈಗ ಹೇಳುತ್ತಾರೆ. ತಟ್ಟೆ, ತುಪ್ಪ, ಚಮಚ, ನನ್ನ ಬಾಯಿಜೋರು, ಆಸ್ಪತ್ರೆಯಲ್ಲಿ ಆಡಿದ ಸುಳ್ಳು ಎಲ್ಲವನ್ನೂ ಹೇಳುತ್ತಾರೆ. ಅವರು ಎಂದಾದರೂ ಯಾರನ್ನಾದರೂ ಬಿಟ್ಟವರೇ? ಆದರೆ ಅಕ್ಕ ಕೇಳಿದಾಗ ಅವರು ಹೇಳಿದ್ದು, "ಔಸ್ದಿ ಕೊಟ್ಟವ್ರೆ. ವಾಸಿ ಆಯ್ತದೆ." ಅಷ್ಟೇ.

ಅಷ್ಟೇ ಎಂದರೆ ನಂಬುವುದು ಹೇಗೆ? ಅಂದಿನಿಂದ ಅನುಮಾನದ ಕಾಯಿಲೆ ನನಗಂಟಿತು! ಭಾವ ಫೋನಿನಲ್ಲಿ ದನಿ ತಗ್ಗಿಸಿದರೆ ನನ್ನ ವಿಷಯವೇ ಎನಿಸುತ್ತಿತ್ತು. ಅಕ್ಕ ಕಾರಣವಿಲ್ಲದೆ ನಕ್ಕರೆ, ಗೊತ್ತಾಗಿಬಿಟ್ಟಿದೆ ಎನಿಸುತ್ತಿತ್ತು. ಎಲ್ಲರನ್ನೂ ಸೇರಿಸಿಕೊಂಡು ಹೇಳಲು ಕಾಯುತ್ತಿದ್ದಾರೆಯೇ? ಊಟಕ್ಕೆ ಬಡಿಸುವಾಗ ಅವರ ಮುಖವನ್ನು ಕದ್ದು ನೋಡುತ್ತಿದ್ದೆ. ಅವರು ಬೇಳೆಯಲ್ಲಿ ಕಲ್ಲಿದೆಯೇ ಎಂದು ನೋಡುತ್ತಿದ್ದರು.

ಔಷಧಿಯ ಏಳು ದಿನಗಳದ್ದು ಬೇರೆಯೇ ಪುರಾಣ. ಬೆಕ್ಕನ್ನು ಟವಲಿನಲ್ಲಿ ಸುತ್ತಿ ನಾನು ಹಿಡಿದುಕೊಳ್ಳಬೇಕು, ಭಾವ ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಔಷಧಿ ಬಿಡಬೇಕು. ಬಿಟ್ಟಮೇಲೆ ಅವರಿಗೆ ಸಮಾಧಾನವುಂಟೇ? "ಬಾಯ್ ತಗಿ" ಎಂದು ಬೆಕ್ಕಿಗೆ ಆಜ್ಞೆ! ಎರಡನೆಯ ದಿನ ಅದು ದವಡೆಯಲ್ಲಿಟ್ಟುಕೊಂಡಿದ್ದನ್ನು ಭಾವನ ಬಿಳಿ ಪಂಚೆಯ ಮೇಲೇ ಉಗಿಯಿತು. "ನಾನ್ ಏಳ್ನಿಲ್ವಾ, ಒಳಗೇ ಮಡಿಕ್ಕಂಡದೆ ಅಂತ!" ಎಂದು ಗೆದ್ದವರಂತೆ ಪಂಚೆ ಎತ್ತಿ ತೋರಿಸಿದರು. ನಾನು ಇನ್ನೊಂದು ಸಲ ತುಂಬಿಸಲು ಹೋದೆ. "ನಿಲ್ಲಮ್ಮಿ. ಎಷ್ಟು ಒಳಗೋಗದೋ ಯಾರಿಗ್ ಗೊತ್ತು? ಎಲ್ಡ್ ಸಲ ಆಗ್ಬುಡ್ತದೆ" ಎಂದು ಡಾಕ್ಟರಿಗೆ ಫೋನು ಮಾಡಿದರು. ಈ ಸಲಕ್ಕೆ ಬೇಡ, ಮುಂದಿನ ಹೊತ್ತಿಗೆ ಸರಿಯಾಗಿ ಕೊಡಿ ಎಂದರು ಡಾಕ್ಟರು. ಕೇಳದೆ ಒಂದು ತೊಟ್ಟೂ ಹಾಕದ ಪಾಠವನ್ನು ಟೀಚರು ಕಲಿತದ್ದು ಹೀಗೆ.

ನಾಲ್ಕನೆಯ ದಿನಕ್ಕೆ ಜ್ವರ ಬಿಟ್ಟಿತು. ಊತ ಇಳಿಯಿತು. ಬೆಕ್ಕು ಮೈಚಾಚಿ ಮಲಗಿ ಮರಿಗಳನ್ನು ತಾನೇ ಕರೆಯಿತು. ಅಕ್ಕ, "ವಾಸಿಯಾಯ್ತಲ್ಲ, ಔಸ್ದಿ ನಿಲ್ಸಿ. ಪಾಪ, ಎಷ್ಟ್ ಇಂಸೆ ಅದುಕ್ಕೆ" ಎಂದಳು. "ವಾಸಿ ಆದಂಗೆ ಕಾಣ್ತದೆ ಅಷ್ಟೆ" ಎಂದರು ಭಾವ. ಏಳು ದಿನವೂ ಬಿಡಲಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಮರಿಗಳನ್ನು ದಿನವೂ ತೂಗುತ್ತಿದ್ದರು. ಎಲ್ಲಕ್ಕಿಂತ ಚಿಕ್ಕದು, ಬಿಳಿ ಮೂತಿಯದು, ಎರಡು ದಿನ ಒಂದು ಗ್ರಾಮೂ ಏರಲಿಲ್ಲ. ಭಾವನ ಅನುಮಾನ ಉಳಿದ ಮೂವರ ಮೇಲೆ! ಬೀರುವಿನ ಮುಂದೆ ಮಣೆ ಹಾಕಿಕೊಂಡು ಕೂತರು. ದೊಡ್ಡವು ನುಗ್ಗಿದರೆ ಒಂದೇ ಬೆರಳಿನಿಂದ ಹಿಂದೆ ಸರಿಸುವುದು, "ಲೇ ಕರಿಯ, ನೀನು ಆಗ್ಲೇ ಕುಡ್ದಿದ್ದೀಯ, ನಾ ನೋಡಿವ್ನಿ. ಇಂದಕ್ ಸರ್ಕೊ" ಎನ್ನುವುದು, ಚಿಕ್ಕದನ್ನು ಎತ್ತಿ ಹಾಲು ಚೆನ್ನಾಗಿ ಬರುವ ಮೊಲೆಗೆ ಹಿಡಿಯುವುದು. ಅದು ಹೊಟ್ಟೆ ತುಂಬಿ ತಾನಾಗಿ ಬಾಯಿ ಬಿಡುವವರೆಗೂ ಏಳುತ್ತಿರಲಿಲ್ಲ. ಮೂರನೆಯ ದಿನ ತೂಕ ಏರಿತು. ತಕ್ಕಡಿ ಸರಿಯಿದೆಯೇ ಎಂದು ಮತ್ತೆ ಸಕ್ಕರೆ ಇಟ್ಟು ನೋಡಿದರು.

ರಜೆ ಮುಗಿದು ನಾನು ಹಾಸನಕ್ಕೆ ಮರಳಿದೆ. ತಿಂಗಳು ಕಳೆದ ಮೇಲೆ ಚನ್ನರಾಯಪಟ್ಟಣದಲ್ಲಿರುವ ಭಾವನ ತಂಗಿಯ ಮನೆಯಲ್ಲಿ ಮೊಮ್ಮಗಳ ನಾಮಕರಣ. ಪ್ಲಾಸ್ಟರ್ ಬಿಚ್ಚಿದ್ದ ಅಕ್ಕ ಕೋಲೂರಿಕೊಂಡು ಭಾವನ ಜೊತೆ ಬಂದಿದ್ದಳು. ಊಟದ ಹೊತ್ತಿಗೆ ನಾನು ಸಾರಿನ ಬಕೆಟ್ಟು ಹಿಡಿದು ಬಡಿಸಲು ನಿಂತೆ. ನೆಂಟರೆಲ್ಲ ಒಂದೇ ಸಾಲಿನಲ್ಲಿದ್ದರು. ಭಾವನ ತಂಗಿ ಅನ್ನದ ಪಾತ್ರೆ ಹಿಡಿದು ನನ್ನ ಮುಂದೆಯೇ ಹೋಗುತ್ತಿದ್ದವರು ಯಾರೊಂದಿಗೋ ಹೇಳಿದರು: "ನಮ್ಮನೆ ಬೆಕ್ಕೂ ಮೆಟ್ಲು ಕೆಳ್ಗೆ ಮರಿ ಆಕದೆ ಕಣಕ್ಕ. ಬೆಳಗಿಂದ ಮೈ ಸುಡ್ತಾ ಅದೆ. ಊಟ ಎಲ್ಲಾ ಆಗ್ಲಿ, ಜರದ್ ಮಾತ್ರೆ ಅದೆ, ಅರ್ದ ಆಲ್ಗಾಕಿ ಕೊಡ್ತೀನಿ."

"ಕೊಡ್ಬ್ಯಾಡ!"

ಭಾವನ ಕೂಗಿಗೆ ಸಾಲಿನಲ್ಲಿದ್ದವರೆಲ್ಲ ಎಲೆಯ ಮೇಲೆ ಕೈ ಹಾಗೇ ಇಟ್ಟುಕೊಂಡು ತಿರುಗಿದರು. "ಮುಟ್ಟಿಸ್ಬ್ಯಾಡ ಕಣವ್ವ, ಸತ್ತೋಯ್ತದೆ. ನಮ್ಮನೇಲಿ ಇದೇ ಆಗಿತ್ತು" ಎಂದು ಶುರು ಮಾಡಿದರು. ಊದಿದ ಮೊಲೆ, ಸುಡುವ ಕಿವಿ, ಅರಚುವ ಮರಿಗಳು, ಅರ್ಧ ಮಾತ್ರೆ, ತುಪ್ಪ. ಒಂದನ್ನೂ ಬಿಡದೆ ಹೇಳುತ್ತ ಹೋದರು. ನಾನು ಕಾಯುತ್ತಿದ್ದ ದಿನ ಬಂದೇಬಿಟ್ಟಿತ್ತು. ಅದೂ ಇಷ್ಟು ಜನರ ನಡುವೆ! ಬಕೆಟ್ಟು ಕೆಳಗಿಟ್ಟು ಹಿತ್ತಲಿಗೆ ಓಡೋಣವೆಂದರೆ ಅನ್ನದ ಪಾತ್ರೆ ದಾರಿಗೆ ಅಡ್ಡ.

"ಅಯ್ಯೋ ದೇವ್ರೇ, ಬಾಣಂತಿ ಬೆಕ್ಕಿಗೆ ಅಂಗೆ ಅರ್ದಿದ್ದು ಯಾರಣ್ಣ?" ಎಂದು ಅವರ ತಂಗಿ ಕೇಳಿದರು.

ಅಕ್ಕನೂ ಊಟ ನಿಲ್ಲಿಸಿ ಗಂಡನ ಮುಖ ನೋಡಿದಳು. ಅವಳಿಗೂ ಇದು ಹೊಸ ಸುದ್ದಿ.

"ಇನ್ಯಾರು? ನಾನೇ" ಎಂದರು ಭಾವ. "ದಡ್ಡ ನನ್ಮಗ, ಎಲ್ಲಾ ಗೊತ್ತು ಅಂದ್ಕಂಡು ಅರ್ದು ಮುಂದಕ್ ಇಟ್ಬುಟ್ಟಿದ್ದೆ. ಈ ನಮ್ ನಾದ್ನಿ ನೋಡಿ ತಟ್ಟೆ ಕಿತ್ಕಂಡ್ಲು. ಆಸ್ಪತ್ರೆಗೂ ಅವ್ಳೇ ಎಳ್ಕಂಡೋದ್ಲು. ಇಲ್ದಿದ್ರೆ ಐದ್ ಜೀವ ಓಗಿರದು. ನೀನು ಅವ್ಳನ್ನೇ ಕೇಳ್ಕೊ, ಡಾಕ್ಟ್ರು ಏನೇನ್ ಏಳಿದ್ರು ಅಂತ. ಊಟ ಆದ್ಮೇಲಲ್ಲ, ಈಗ್ಲೇ ಕರ್ಕಂಡೋಗು ಬೆಕ್ಕನ್ನ."

"ಟೀಚರಲ್ವಾ, ತಿಳ್ಕಂಡಿರ್ತಾಳೆ" ಎಂದು ಯಾರೋ ನನ್ನನ್ನು ಮೆಚ್ಚಿದರು. ಅವರ ತಂಗಿ ಅನ್ನದ ಪಾತ್ರೆ ಕೆಳಗಿಟ್ಟು, ಬುಟ್ಟಿ ಹುಡುಕುತ್ತ ಒಳಗೋಡಿದರು. ಮುಂದಿನ ಎಲೆ ಭಾವನದೇ. ಬಗ್ಗಿ ಬಡಿಸಿದೆ. ಕಣ್ಣು ಮಂಜಾಗಿ ಅಂದಾಜು ತಪ್ಪಿತು. ಸಾರು ಅನ್ನವನ್ನು ದಾಟಿ ಎಲೆಯ ತುದಿಗೆ ಹರಿಯಿತು. ಭಾವ ತಲೆ ಎತ್ತಲಿಲ್ಲ. ಅನ್ನವನ್ನು ಬೆರಳುಗಳಿಂದ ಎಳೆದು ಒಂದು ಪುಟ್ಟ ಕಟ್ಟೆ ಕಟ್ಟಿ, ಸಾರು ನೆಲಕ್ಕಿಳಿಯದಂತೆ ತಡೆದು, "ಮುಂದಕ್ಕೋಗಮ್ಮಿ, ಪಾಪ ಅವ್ರು ಕಾಯ್ತಾವ್ರೆ" ಎಂದರು.